ಮಿಸ್ಡ್ ಕಾಲ್ ಕೊಟ್ಟರೆ ನೀರು

ಹೇಳಿದ ಮಾತು ಕೇಳುವವರನ್ನು ಕಂಡರೆ ನನಗೆ ಒಳಗೊಳಗೇ ಹೆದರಿಕೆ. ಚಿಕ್ಕಂದಿನಲ್ಲಿ ಮನೆಯವರು, ಮೇಷ್ಟ್ರು, ಕೊನೆಗೆ ಎದುರುಮನೆಯ ಕಾಂಪೌಂಡರ್ ಕೂಡ ‘ಹೇಳಿದ ಮಾತು ಕೇಳೋ’ ಎಂದು ನನ್ನ ಕಿವಿ ಹಿಂಡಿದ್ದಾರೆಯೇ ಹೊರತು, ಯಾರು ಹೇಳಿದ ಮಾತು ಎನ್ನುವುದನ್ನು ಒಬ್ಬ ಪುಣ್ಯಾತ್ಮನೂ ಬಿಡಿಸಿ ಹೇಳಲಿಲ್ಲ. ಮಂಡ್ಯದಲ್ಲಿ ನನ್ನ ಸೋದರಮಾವ ಒಬ್ಬರಿದ್ದರು. ಬಹಳ ವಿಧೇಯ ಮನುಷ್ಯ. ಒಮ್ಮೆ ಮನೆಯ ಹಸು ಮಾರಲು ಸಂತೆಗೆ ಹೊರಟವರಿಗೆ ದಾರಿಯಲ್ಲಿ ಯಾರೋ ‘ಒಂಟಿ ಹಸು ಇಟ್ಟುಕೊಂಡು ಏನು ಮಾಡ್ತೀರಿ, ಜೊತೆ ಮಾಡ್ಕೊಳ್ಳಿ’ ಎಂದರಂತೆ. ಸಂಜೆ ಎರಡು ಹಸು ಹೊಡೆದುಕೊಂಡು ಮನೆಗೆ ಬಂದರು. ನಮ್ಮತ್ತೆ ಬಾಗಿಲಲ್ಲೇ ನಿಂತು, ‘ಈ ಮಹಾನುಭಾವರ ಕಿವಿಗೆ ಬಾಗಿಲೇ ಇಟ್ಟಿಲ್ಲ ಕಣಪ್ಪ, ಬರೀ ಹೊಸಲು. ಯಾರು ಬೇಕಾದ್ರೂ ದಾಟ್ಕೊಂಡು ಒಳಗೆ ಹೋಗಬಹುದು’ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಮಾವ ಆ ಮಾತನ್ನೂ ಕೇಳಿಕೊಂಡು ಸುಮ್ಮನೆ ಕೈಕಾಲು ತೊಳೆಯಲು ಹೋದರು.

ಇಂಥ ಸೋದರಮಾವಂದಿರನ್ನು ತಗಡಿನ ಡಬ್ಬಿಯೊಳಗೆ ತುಂಬಿ ಕಾರ್ಖಾನೆಗಳಿಗೆ ಮಾರುವ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿದ್ದು ವಿಧಿಯಾಟವೆಂದೇ ಹೇಳಬೇಕು. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಚೆನ್ನೈನ ಪೆರುಂಗುಡಿಯಲ್ಲಿ ಆಫೀಸು. ನಾವು ಮಾರುತ್ತಿದ್ದ ಡಬ್ಬಿಗೆ ಕಂಟ್ರೋಲರ್ ಎಂದು ಹೆಸರು. ಮೋಟರು ಓಡಿಸು ಎಂದರೆ ಓಡಿಸುತ್ತದೆ, ವಾಲ್ವು ತೆರೆ ಎಂದರೆ ತೆರೆಯುತ್ತದೆ, ಬಾಯ್ಲರ್ ನಿಲ್ಲಿಸು ಎಂದರೆ ನಿಲ್ಲಿಸುತ್ತದೆ. ಹತ್ತಿರ ಹೋಗಿ ಹೇಳಬೇಕೆಂದೂ ಇಲ್ಲ. ಅದಕ್ಕೊಂದು ಟೆಲಿಫೋನ್ ತಂತಿ ಜೋಡಿಸಿದರೆ ನೂರು ಮೈಲಿ ದೂರದಿಂದ ಫೋನಿನಲ್ಲೇ ಅಪ್ಪಣೆ ಕೊಡಬಹುದು. ಅದರ ಸ್ವಭಾವದಲ್ಲಿ ಇದ್ದ ಕೊರತೆ ಒಂದೇ: ಅಪ್ಪಣೆ ಕೊಡುತ್ತಿರುವವರು ಯಾರು ಎಂದು ಅದು ಕೇಳುತ್ತಿರಲಿಲ್ಲ. ಯಜಮಾನ ಹೇಳಿದರೂ ಸರಿ, ದಾರಿಹೋಕ ಹೇಳಿದರೂ ಸರಿ, ‘ಆಗಲಿ ಬುದ್ಧಿ’ ಎಂದು ಕೆಲಸಕ್ಕೆ ಹತ್ತಿಬಿಡುತ್ತಿತ್ತು. ಈಗ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳನ್ನಿಟ್ಟು ಸಭೆ ಸೇರಿ ಚರ್ಚೆ ಮಾಡುತ್ತಾರೆ. ಆಗ ನಾವು ಅದನ್ನು ‘ಸುಲಭ ಬಳಕೆ’ ಎಂದು ಕರೆದು ಅದಕ್ಕೇ ಸ್ವಲ್ಪ ಹೆಚ್ಚು ದುಡ್ಡು ಕೀಳುತ್ತಿದ್ದೆವು.

ನನ್ನ ಕೆಲಸ ಗ್ರಾಹಕರ ದೂರು ಕೇಳುವುದು. ಈರೋಡಿನ ಕಡೆಯ ಒಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ ಸೆಲ್ವರಾಜ್ ಎಂಬ ಎಂಜಿನಿಯರು ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಿದ್ದರು. ಯಾರೋ ಫ್ಯಾಕ್ಸ್ ಕಳಿಸಲು ಹೋಗಿ ಅವರ ಕಂಟ್ರೋಲರಿನ ನಂಬರು ತಿರುಗಿಸಿದ್ದರಂತೆ. ಆ ಕಿರ್ರೋ ಸದ್ದನ್ನು ನಮ್ಮ ಡಬ್ಬಿ ಯಜಮಾನನ ಅಪ್ಪಣೆ ಎಂದು ಶಿರಸಾವಹಿಸಿ ಯಾವುದೋ ವಾಲ್ವು ತೆರೆದುಬಿಟ್ಟಿತ್ತು. ಬಿಳಿ ಪಂಚೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ‘ಸಾರ್, ಯಾರು ಬೇಕಾದ್ರೂ ನುಗ್ಗಬಹುದಾದ ಓಟೆ ಇದೆ ನಿಮ್ಮ ಮಷೀನಿನಲ್ಲಿ’ ಎಂದು ಅವರು ಅಳುವುದೊಂದು ಬಾಕಿ. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ‘ಬೇಕೂಂತ ಯಾರು ಸಾರ್ ಹಂಗೆ ಮಾಡ್ತಾರೆ? ನಂಬರನ್ನು ಗುಟ್ಟಾಗಿಟ್ಟುಕೊಳ್ಳಿ, ಸಾಕು’ ಎಂದು ಉಪದೇಶ ಮಾಡಿದೆ. ಈ ಉಪದೇಶ ನಾನೇ ಕಂಡುಹಿಡಿದದ್ದು. ಆಫೀಸಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ನಮ್ಮ ಮನೆ ಇದ್ದದ್ದು ನುಂಗಂಬಾಕ್ಕಂನ ಒಂದು ಹಳೆಯ ಓಣಿಯಲ್ಲಿ. ಎಂಟು ಮನೆಗಳ ಕಟ್ಟಡ. ರಸ್ತೆಯ ಕಡೆ ನಾಲ್ಕು, ಹಿಂದುಗಡೆ ನಾಲ್ಕು. ಕೆಳಗೆ ಒಂದೇ ಸಂಪು, ತಾರಸಿಯ ಮೇಲೆ ಎರಡು ಟ್ಯಾಂಕು: ಮುಂದಿನ ಮನೆಗಳಿಗೊಂದು, ಹಿಂದಿನ ಮನೆಗಳಿಗೊಂದು. ಆ ವರ್ಷ ಚೆನ್ನೈನಲ್ಲಿ ನೀರಿಗೆ ಹಾಹಾಕಾರ. ಬೋರು ಬತ್ತಿ ಬರೀ ಗಾಳಿ ಕಕ್ಕುತ್ತಿತ್ತು. ಲಾರಿಯಲ್ಲಿ ಬಂದ ನೀರನ್ನು ಸಂಪಿಗೆ ಇಳಿಸಿಕೊಂಡು, ಬೆಳಿಗ್ಗೆ ಮುಂದಿನವರಿಗೆ ಸ್ವಲ್ಪ, ಸಂಜೆ ಹಿಂದಿನವರಿಗೆ ಸ್ವಲ್ಪ ಎಂದು ವಾಚ್‌ಮನ್ ವಾಲ್ವು ತಿರುಗಿಸುತ್ತಿದ್ದ. ಎಂಟು ಮನೆಯವರ ಬೈಗುಳ ಒಬ್ಬನೇ ತಿಂದು ತಿಂದು ಅವನಿಗೆ ವೈರಾಗ್ಯ ಬಂದು, ಒಂದು ದಿನ ವಾಲ್ವಿನ ಹಿಡಿಯನ್ನು ಸೆಕ್ರೆಟರಿಯವರ ಕೈಗೆ ಕೊಟ್ಟು ವಿಳುಪ್ಪುರಂ ಕಡೆಯ ತನ್ನ ಊರಿಗೆ ಹೊರಟುಹೋದ.

ಸೆಕ್ರೆಟರಿ ಎಂದರೆ ರಂಗರಾಜನ್ ಸಾರ್. ಪೆರಂಬೂರಿನ ರೈಲ್ವೆ ವರ್ಕ್‌ಷಾಪಿನಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಸುತ್ತಿಗೆಯ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿದ್ದರಿಂದ ಅವರ ಗುಟ್ಟು ಕೂಡ ಮೂರನೆಯ ಮಹಡಿಗೆ ಕೇಳುತ್ತಿತ್ತು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ‘ನೀಂಗ ದಾನ್ ಎಂಜಿನಿಯರ್. ಏದಾವದು ಪಣ್ಣುಂಗ ಸಾರ್’ ಎಂದರು. ನೀವೇ ಏನಾದರೂ ಮಾಡಿ ಎಂದರ್ಥ. ಯಾರಾದರೂ ನನ್ನನ್ನು ಎಂಜಿನಿಯರ್ ಎಂದು ಕರೆದರೆ ನನಗೆ ಮುಂದಿನದು ಕಾಣುವುದಿಲ್ಲ. ಆಫೀಸಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದು ಹಳೆಯ ಕಂಟ್ರೋಲರನ್ನು ಮ್ಯಾನೇಜರಿಗೆ ಹೇಳಿ ಎತ್ತಿಕೊಂಡು ಬರುತ್ತೇನೆ ಎಂದು ಒಪ್ಪಿಬಿಟ್ಟೆ.

ಇದನ್ನು ಕೇಳಿ ನನ್ನ ಹೆಂಡತಿ ವನಜ ತಲೆ ಚಚ್ಚಿಕೊಂಡಳು. ‘ಏನ್ರೀ, ನಿಮಗೆ ಬುದ್ಧಿ ಇದೆಯಾ? ಪೇಪರ್ ಓದ್ತೀರಾ, ಇಲ್ಲ ಬರೀ ಪುಟ ತಿರುಗಿಸ್ತೀರಾ?’ ಎಂದಳು. ಅವಳ ಕೋಪಕ್ಕೆ ಕಾರಣವಿತ್ತು. ಆಗ ಕಾವೇರಿಯ ಜಗಳ ಜೋರಾಗಿತ್ತು. ನಾನಂತೂ ಚೆನ್ನೈಗೆ ಬಂದ ಮೇಲೆ ಹುಟ್ಟೂರು ಮಂಡ್ಯ ಎನ್ನುವುದನ್ನೇ ಬಿಟ್ಟು, ‘ಮೈಸೂರಿನ ಹತ್ತಿರ’ ಎನ್ನುತ್ತಿದ್ದೆ. ಎಷ್ಟು ಹತ್ತಿರ ಎಂದು ಕೇಳಿದರೆ ಕೆಮ್ಮುತ್ತಿದ್ದೆ. ‘ಚೆನ್ನೈನಲ್ಲಿ ಕನ್ನಡದೋನ ಕೈಗೆ ನೀರಿನ ಕೀಲಿ ಕೊಡ್ತಾರಂತೆ, ಇವರು ಈಸ್ಕೊಳ್ತಾರಂತೆ! ನಾಳೆ ಯಾರ ಮನೆ ನಲ್ಲಿ ಕೆಮ್ಮಿದ್ರೂ ನಿಮ್ಮನ್ನೇ ಅಂತಾರೆ. ಆಡೋರ ಬಾಯಿಗೆ ಅವಲಕ್ಕಿ ಹಾಕ್ದಂಗೆ’ ಎಂದು ಅವಳು ಒಗ್ಗರಣೆ ಸೌಟನ್ನು ನನ್ನ ಕಡೆ ತೋರಿಸಿದಳು. ನಾನು ಯಂತ್ರಕ್ಕೆ ಭಾಷೆ ಇಲ್ಲ, ಜಾತಿ ಇಲ್ಲ, ರಾಜ್ಯ ಇಲ್ಲ ಎಂದು ಒಂದು ಸಣ್ಣ ಭಾಷಣ ಮಾಡಿದೆ. ಅವಳು ಸೌಟು ಕೆಳಗಿಟ್ಟಳೇ ಹೊರತು ಒಪ್ಪಲಿಲ್ಲ.

ವನಜಳಿಗೆ ಆ ಊರಿನಲ್ಲಿ ಇದ್ದ ಜೀವ ಒಂದೇ, ಕಮಲಾ ಮಾಮಿ. ನೆಲ ಅಂತಸ್ತಿನ ಮುಂದಿನ ಮನೆಯವರು. ಅವರ ತಾತ ಯಾವ ಕಾಲದಲ್ಲೋ ಬ್ಯಾಂಕಿನ ಕೆಲಸಕ್ಕೆ ಬಂದು ಅಲ್ಲೇ ನೆಲೆ ನಿಂತ ಕನ್ನಡದವರು. ಮಾಮಿಯ ಕನ್ನಡದಲ್ಲಿ ತಮಿಳು ಎಷ್ಟಿತ್ತು, ತಮಿಳಿನಲ್ಲಿ ಕನ್ನಡ ಎಷ್ಟಿತ್ತು ಎಂದು ಅವರಿಗೂ ಗೊತ್ತಿರಲಿಲ್ಲ. ಚೆನ್ನೈಗೆ ಬಂದ ಹೊಸತರಲ್ಲಿ ತಮಿಳು ಬಾರದೆ ತರಕಾರಿಯವನ ಮುಂದೆ ಕಣ್ಣೀರು ಹಾಕಿಕೊಂಡು ನಿಂತಿದ್ದ ವನಜಳನ್ನು, ‘ಅಯ್ಯೋ ನಮ್ಮ ಊರ್ ಪೊಣ್ಣು, ಅಳಾದೆ ಮಾ, ನಾನಿದೀನಿ’ ಎಂದು ಕೈಹಿಡಿದು ಕರೆದುಕೊಂಡು ಬಂದವರು ಅವರು. ಅಂದಿನಿಂದ ದಿನಾ ಹನ್ನೊಂದಕ್ಕೆ ಒಂದು ಲೋಟ ಡಿಕಾಕ್ಷನ್ ಮೇಲೆ ಬರುತ್ತಿತ್ತು, ಅದರ ಹಿಂದೆಯೇ ಮಾಮಿ ಬರುತ್ತಿದ್ದರು. ಇಬ್ಬರೂ ಕೂತು ಮಾತಿಗೆ ಶುರು ಮಾಡಿದರೆ ಕುಕ್ಕರು ಎಷ್ಟು ಕೂಗಿದರೂ ಕೇಳುತ್ತಿರಲಿಲ್ಲ. ಆ ಒಂದು ಗಂಟೆಯ ಮಾತಿನ ಬಲದಲ್ಲಿ ನನ್ನ ಹೆಂಡತಿ ಉಳಿದ ಇಪ್ಪತ್ತಮೂರು ಗಂಟೆ ನನ್ನೊಂದಿಗೆ ಸಂಸಾರ ಮಾಡುತ್ತಿದ್ದಳು.

ಸರಿ, ಡಬ್ಬಿ ಬಂತು. ವಾಚ್‌ಮನ್ನನ ಖಾಲಿ ಗೂಡಿನಲ್ಲಿ ಸಂಘದ ಒಂದು ಹಳೆಯ ಫೋನಿತ್ತು. ಅದರ ತಂತಿಯನ್ನೇ ಕವಲು ತೆಗೆದು ಕಂಟ್ರೋಲರಿಗೂ ಕೊಟ್ಟೆ. ಅದು ಮಿಸ್ಡ್ ಕಾಲಿನ ಯುಗ. ಬಸ್ಸು ಇಳಿದರೆ ಒಂದು ರಿಂಗು, ಹಾಲು ತರುವುದಿದ್ದರೆ ಎರಡು ರಿಂಗು ಎಂದು ಇಡೀ ದೇಶವೇ ಕಾಸು ಬಿಚ್ಚದೆ ಸಂಸಾರ ನಡೆಸುತ್ತಿತ್ತು. ನಾನೂ ಅದೇ ಉಪಾಯ ಮಾಡಿದೆ. ಆ ನಂಬರಿಗೆ ಫೋನ್ ಮಾಡಿ ಎರಡು ರಿಂಗಿಗೆ ಇಟ್ಟರೆ ಮುಂದಿನ ಟ್ಯಾಂಕಿಗೆ ನೀರು, ನಾಲ್ಕು ರಿಂಗಿಗೆ ಇಟ್ಟರೆ ಹಿಂದಿನ ಟ್ಯಾಂಕಿಗೆ. ಟ್ಯಾಂಕು ತುಂಬಿದರೆ ಮೋಟರು ತಾನೇ ನಿಲ್ಲುತ್ತದೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ನಾನು ಮುಂದಿನವರಿಗೆ ಎರಡು ರಿಂಗು ಕೊಡುವುದು, ಸಂಜೆ ಪೆರುಂಗುಡಿಯಿಂದಲೇ ಹಿಂದಿನವರಿಗೆ ನಾಲ್ಕು ರಿಂಗು ಕೊಡುವುದು ಎಂದು ಗೊತ್ತುಮಾಡಿದೆವು. ಒಂದು ಪೈಸೆಯ ಖರ್ಚಿಲ್ಲ. ರಂಗರಾಜನ್ ಸಾರ್ ನನ್ನನ್ನು ಅಪ್ಪಿಕೊಂಡರು.

ಶುಭದಿನ ನೋಡಿ ಡಬ್ಬಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಕರ್ಪೂರ ಹಚ್ಚಿದೆವು. ಎಂಟೂ ಮನೆಯವರು ಸೇರಿದ್ದರು. ಪ್ರಸಾದ ಕೊಟ್ಟು ಕಳಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಎಲ್ಲರೂ ಬೆರಗಾಗಿ ನೋಡುತ್ತಿದ್ದಾರೆ, ಎಂಜಿನಿಯರಿಗೆ ತಡೆಯುತ್ತದೆಯೇ? ಕೆಳಗಿನ ಮಾಮಿಯ ಮನೆಯ ಫೋನನ್ನು ಬಾಗಿಲಿಗೆ ಎಳೆದು ತಂದು, ಎಲ್ಲರಿಗೂ ಕಾಣುವಂತೆ ನಂಬರು ತಿರುಗಿಸಿ, ‘ಈಗ ಎರಡು, ನೋಡಿ ಮುಂದಿನ ಟ್ಯಾಂಕು. ಈಗ ನಾಲ್ಕು, ನೋಡಿ ಹಿಂದಿನ ಟ್ಯಾಂಕು’ ಎಂದು ಜಾತ್ರೆಯ ಗಾರುಡಿಗನಂತೆ ಆಟ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ನಂಬರಂತೂ ಗೂಡಿನ ಗೋಡೆಯ ಮೇಲೆ ಗ್ಯಾಸಿನವರಿಗೆಂದು ಮೊದಲೇ ದೊಡ್ಡದಾಗಿ ಪೇಂಟು ಮಾಡಿ ಬರೆದಿತ್ತು. ‘ನಂಬರನ್ನು ಗುಟ್ಟಾಗಿಟ್ಟುಕೊಳ್ಳಿ’ ಎಂದು ಈರೋಡಿಗೆ ಬೋಧಿಸಿದ್ದ ಬೃಹಸ್ಪತಿಗೆ ಆ ಗೋಡೆ ಕಣ್ಣಿಗೆ ಬೀಳಲಿಲ್ಲ.

ಒಂದು ವಾರ ಸೊಗಸಾಗಿ ನಡೆಯಿತು. ಆಮೇಲೆ ನೀರಿಗೆ ಹುಚ್ಚು ಹಿಡಿಯಿತು. ನಾನು ಬೆಳಿಗ್ಗೆ ಮುಂದಿನವರಿಗೆ ಬಿಟ್ಟು ಹೋಗಿರುತ್ತಿದ್ದೆ, ಅವರ ಟ್ಯಾಂಕು ಅರ್ಧವಾಗುವಷ್ಟರಲ್ಲಿ ನೀರು ಹಿಂದಕ್ಕೆ ತಿರುಗಿರುತ್ತಿತ್ತು. ಸಂಜೆ ಹಿಂದಿನವರಿಗೆಂದು ಪೆರುಂಗುಡಿಯಿಂದ ಫೋನ್ ಮಾಡಿದರೆ ಸಂಪಿನಲ್ಲಿ ಕೆಸರು ಬಿಟ್ಟರೆ ಏನೂ ಇರುತ್ತಿರಲಿಲ್ಲ. ನಾನಿದ್ದದ್ದು ಹಿಂದಿನ ಮನೆ, ಮೊದಲನೆಯ ಮಹಡಿ. ಮೆಟ್ಟಿಲ ಹತ್ತಿರ ಗುಸುಗುಸು ಶುರುವಾಯಿತು. ಎಲ್ಲರೂ ನಗುನಗುತ್ತಲೇ ಕೇಳುವವರು. ‘ಎನ್ನ ಸಾರ್, ಮೇಲೆ ಅಣೆಕಟ್ಟು ಕಟ್ಟಿಬಿಟ್ಟಿರಾ?’ ಎಂದು ಒಬ್ಬರು. ‘ಕೋರ್ಟಿಗೆ ಹೋಗಬೇಕಾ ಸಾರ್?’ ಎಂದು ಇನ್ನೊಬ್ಬರು. ನಾನೂ ಹೆಹ್ಹೆಹ್ಹೆ ಎಂದು ನಕ್ಕು ಮೆಟ್ಟಿಲು ಹತ್ತಿಬಿಡುತ್ತಿದ್ದೆ. ಮನೆಯೊಳಗೆ ಬಂದರೆ ನನ್ನ ನಲ್ಲಿಯೂ ಬುಸ್ಸೆನ್ನುತ್ತಿತ್ತು. ಅದನ್ನು ಹೇಳಿದರೆ ಯಾರು ನಂಬುತ್ತಾರೆ? ಕದ್ದವನ ಮನೆಯಲ್ಲೇ ಕೊಡ ಖಾಲಿ ಎಂದರೆ ನಾನಾದರೂ ನಂಬುತ್ತಿದ್ದೆನೇ?

ತಮಾಷೆ ತಮಾಷೆಯಾಗಿಯೇ ಉಳಿಯಲಿಲ್ಲ. ಮಾಮಿಯ ಮಗಳು ಬಾಣಂತನಕ್ಕೆ ಬಂದಿದ್ದಳು. ಒಂದು ದಿನ ಹಸುಗೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನಲ್ಲಿ ತಿರುಗಿಸಿದರೆ ನೀರಿಲ್ಲ. ಕೂಸು ಎಣ್ಣೆಮೈಯಲ್ಲಿ ಕಿರುಚುತ್ತಿತ್ತು. ತಲೆಯ ಮೇಲೆ ಹಿಂದಿನ ಟ್ಯಾಂಕಿಗೆ ನೀರು ಧೋ ಎಂದು ಬೀಳುವ ಸದ್ದು. ಮಾಮಿ ಅದೇ ಎಣ್ಣೆಗೈಯಲ್ಲಿ ನಮ್ಮ ಮನೆಗೆ ಬಂದರು. ನಾನು ಅಂದು ಮನೆಯಲ್ಲೇ ಇದ್ದೆ. ನನ್ನ ಮುಖ ನೋಡದೆ ವನಜಳಿಗೆ ಹೇಳಿದರು: ‘ನೋಡು ಮಾ ವನಜಾ. ನಾವೂ ಕನ್ನಡದವರೇ ದಾನ್. ಆದ್ರೆ ನೀರಿನ ವಿಷಯದಲ್ಲಿ ನಾವು ತಮಿಳ್ನಾಡು.’ ಅಷ್ಟು ಹೇಳಿ ಇಳಿದು ಹೋದರು. ಮರುದಿನ ಹನ್ನೊಂದಕ್ಕೆ ಡಿಕಾಕ್ಷನ್ ಬರಲಿಲ್ಲ, ಮಾಮಿಯೂ ಬರಲಿಲ್ಲ. ಅದರ ಮರುದಿನವೂ ಇಲ್ಲ.

ವನಜ ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಜಗಳವಾಡಲಿಲ್ಲ. ಹನ್ನೊಂದು ಗಂಟೆಗೆ ಸುಮ್ಮನೆ ಬಾಗಿಲು ತೆರೆದಿಟ್ಟು ಕೂತುಬಿಡುತ್ತಿದ್ದಳಂತೆ. ಸಂಜೆ ನನಗೆ ಅನ್ನ ಬಡಿಸುತ್ತಾ ಒಂದೇ ಮಾತು ಹೇಳಿದಳು: ‘ಈ ಊರಲ್ಲಿ ನನ್ನನ್ನ ಏನಮ್ಮಾ ಅಂತ ಮಾತಾಡಿಸೋರು ಅವರೊಬ್ಬರಿದ್ರು ಕಣ್ರೀ. ನಿಮ್ಮ ಡಬ್ಬಿ ಅವರನ್ನೂ ಕಿತ್ಕೊಂಡ್ಬಿಡ್ತು.’ ನಾನು ಲೋಟಕ್ಕೆ ಕೈ ಚಾಚಿದೆ. ನೀರು ಕುಡಿಯೋಣವೆಂದರೆ ಅದೂ ಅಳತೆಯದು. ಕಾವೇರಿ ನ್ಯಾಯ ಏನಾದರೂ ಆಗಲಿ, ಮಾಮಿಯ ಕಣ್ಣಲ್ಲಿ ನಾನು ಕಳ್ಳನಲ್ಲ ಎನಿಸಿಕೊಳ್ಳಬೇಕು, ಆ ಡಿಕಾಕ್ಷನ್ ಮತ್ತೆ ಮೆಟ್ಟಿಲು ಹತ್ತಬೇಕು ಎಂದು ಅಂದೇ ತೀರ್ಮಾನ ಮಾಡಿದೆ.

ಮರುದಿನ ಆಫೀಸಿಗೆ ರಜೆ ಹಾಕಿ, ಯಾರಿಗೂ ಹೇಳದೆ ವಾಚ್‌ಮನ್ನನ ಗೂಡಿನೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡೆ. ಸೆಕೆಯೆಂದರೆ ಸೆಕೆ. ಜೊತೆಗೆ ಸೊಳ್ಳೆ. ಸ್ವಲ್ಪ ಹೊತ್ತಿನಲ್ಲೇ ಫೋನು ಎರಡು ಸಲ ರಿಂಗಾಗಿ ನಿಂತಿತು. ಡಬ್ಬಿ ಟಕ್ ಎಂದಿತು, ನೀರು ಮುಂದಕ್ಕೆ ಹರಿಯಿತು. ನಾನು ಹುಬ್ಬು ಹಾರಿಸುವಷ್ಟರಲ್ಲಿ ಮತ್ತೆ ನಾಲ್ಕು ರಿಂಗು. ಟಕ್. ನೀರು ಹಿಂದಕ್ಕೆ. ಮತ್ತೆ ಎರಡು. ಮತ್ತೆ ನಾಲ್ಕು. ಡಬ್ಬಿ ಪಾಪ ಒಂದಿಷ್ಟೂ ಬೇಸರವಿಲ್ಲದೆ, ನಮ್ಮ ಸೋದರಮಾವ ಹಸು ಹೊಡೆದುಕೊಂಡು ಹೋದಂತೆ ನೀರನ್ನು ಅತ್ತ ಹೊಡೆದು ಇತ್ತ ಹೊಡೆದು ಬೆವರುತ್ತಿತ್ತು. ಅಂದು ನನಗೆ ಜ್ಞಾನೋದಯವಾಯಿತು. ಇದು ಒಬ್ಬರ ಕೆಲಸವಲ್ಲ. ಇಡೀ ಕಟ್ಟಡವೇ ಮಿಸ್ಡ್ ಕಾಲ್ ಕೊಡುತ್ತಿದೆ. ಸೆಲ್ವರಾಜ್ ಹೇಳಿದ್ದ ಓಟೆಯಲ್ಲಿ ಎಂಟು ಸಂಸಾರ ಹಾದು ಹೋಗುತ್ತಿದೆ.

ಒಂದು ಸಲ ತಡೆಯಲಾರದೆ ಮೊದಲ ರಿಂಗಿಗೇ ಫೋನೆತ್ತಿ ‘ಹಲೋ’ ಎಂದೆ. ಆ ಕಡೆ ಯಾರೋ ಉಸಿರು ಹಿಡಿದರು. ಆಮೇಲೆ, ‘ರಾಂಗ್ ನಂಬರ್!’ ಎಂದು ಸುತ್ತಿಗೆಯ ಸದ್ದಿನ ಮೇಲೆ ಕೂಗಿ ರೂಢಿಯಾದ ಕಂಠವೊಂದು ಅಬ್ಬರಿಸಿತು. ಫೋನಿನಲ್ಲಿ ಒಮ್ಮೆ, ಮೇಲಿನ ಮಹಡಿಯ ಕಿಟಕಿಯಿಂದ ಇನ್ನೊಮ್ಮೆ ಕೇಳಿಸಿತು. ಫೋನ್ ಮಾಡಿದವರೇ ರಾಂಗ್ ನಂಬರ್ ಎಂದು ಗದರಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು. ಸಂಘದ ಸೆಕ್ರೆಟರಿಯೇ ಹೀಗಾದರೆ ದೂರು ಯಾರಿಗೆ ಕೊಡಲಿ?

ಬೀಗವಾದರೂ ಹಾಕೋಣವೆಂದು ಆಫೀಸಿನಲ್ಲಿ ಮ್ಯಾನೇಜರ ಹತ್ತಿರ ಹೋದೆ. ‘ಈ ಕಂಟ್ರೋಲರು ಯಾರು ಹೇಳಿದರೂ ಕೇಳುತ್ತಲ್ಲ ಸಾರ್, ನಾನು ಹೇಳಿದರೆ ಮಾತ್ರ ಕೇಳೋ ಹಾಗೆ ಮಾಡೋದು ಹೇಗೆ?’ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ‘ಹಾಗೆ ಮಾಡೋಕೆ ಅದರಲ್ಲಿ ಜಾಗವೇ ಇಲ್ಲಪ್ಪಾ. ಬೇಕೂಂತ ಯಾರು ಮಾಡ್ತಾರೆ? ನಂಬರನ್ನು ಗುಟ್ಟಾಗಿಟ್ಟುಕೋ ಅಂತ ಹೇಳು. ನೀನೇ ದಿನಾ ಹೇಳ್ತೀಯಲ್ಲ, ಚೆನ್ನಾಗಿದೆ ಅದು’ ಎಂದರು. ನನ್ನ ಉಪದೇಶ ನನಗೇ ಅಷ್ಟು ಕಹಿಯಾಗಿರುತ್ತದೆಂದು ಗೊತ್ತಿರಲಿಲ್ಲ. ಈರೋಡಿನ ಆ ಮನುಷ್ಯ ಇಷ್ಟು ತಿಂಗಳು ನನ್ನನ್ನು ಬೈಯದೆ ಹೇಗೆ ಬಿಟ್ಟರೋ, ದೊಡ್ಡ ಮನಸ್ಸು.

ಉಳಿದದ್ದು ಒಂದೇ ದಾರಿ. ಭಾನುವಾರ ತಾರಸಿಯ ಮೇಲೆ ಸಂಘದ ಸಭೆ ಕರೆಸಿದೆ. ಟ್ಯಾಂಕುಗಳ ನೆರಳಿನಲ್ಲಿ ಎಲ್ಲರೂ ಕೂತರು. ವನಜ ಒಂದು ಮೂಲೆಯಲ್ಲಿ, ಮಾಮಿ ಅದರ ಎದುರಿನ ಮೂಲೆಯಲ್ಲಿ. ಇಬ್ಬರೂ ಬೇರೆ ಬೇರೆ ದಿಕ್ಕಿನ ಆಕಾಶ ನೋಡುತ್ತಿದ್ದರು. ನಾನು ಎದ್ದು ನಿಂತು ನನ್ನ ಹರುಕು ತಮಿಳಿನಲ್ಲಿ ಇದ್ದದ್ದನ್ನು ಹೇಳಿದೆ. ಎಂಜಿನಿಯರನಾದವನು ಸಾರ್ವಜನಿಕವಾಗಿ ತನ್ನ ಯಂತ್ರ ಸರಿಯಿಲ್ಲ ಎಂದು ಒಪ್ಪಿಕೊಳ್ಳುವುದು ಎಂದರೆ ಸಾಮಾನ್ಯವೇ? ‘ನಾನು ನೀರು ತಿರುಗಿಸಿಲ್ಲ. ನಾನು ತಂದ ಡಬ್ಬಿಯಲ್ಲಿ ದೊಡ್ಡ ಓಟೆ ಇದೆ. ಯಾರು ಫೋನ್ ಮಾಡಿದರೂ ಅದು ಕೇಳುತ್ತದೆ. ನಮ್ಮಲ್ಲೇ ಯಾರೋ ಮಾಡುತ್ತಿದ್ದಾರೆ’ ಎಂದೆ. ‘ಯಾರೋ’ ಎನ್ನುವಾಗ ರಂಗರಾಜನ್ ಸಾರ್ ಕಡೆ ನೋಡಬಾರದೆಂದು ಕಷ್ಟಪಟ್ಟು ಟ್ಯಾಂಕಿನ ಮುಚ್ಚಳವನ್ನೇ ನೋಡುತ್ತಿದ್ದೆ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ರಂಗರಾಜನ್ ಸಾರ್ ಎದ್ದು ಎದೆಯ ಮೇಲೆ ಕೈಯಿಟ್ಟು, ‘ಸಾರ್, ನಮ್ಮ ಬಿಲ್ಡಿಂಗಿನಲ್ಲಿ ಅಂಥವರು ಯಾರೂ ಇಲ್ಲ. ಎಲ್ಲಾರೂ ಮರ್ಯಾದಸ್ತರು. ಮಷೀನು ಬಹಳ ಒಳ್ಳೆ ಮಷೀನು. ಎಷ್ಟು ವಿನಯ, ಎಷ್ಟು ಚುರುಕು! ಪಾಪ ಅದರ ಮೇಲೆ ಯಾಕೆ ಅಪವಾದ ಹೊರಿಸ್ತೀರಿ?’ ಎಂದರು. ಎಲ್ಲರೂ ‘ಆಮಾಂ, ಆಮಾಂ’ ಎಂದು ತಲೆಯಾಡಿಸಿದರು. ನನ್ನ ಯಂತ್ರವನ್ನು ಹೊಗಳಿಸಿಕೊಳ್ಳಲು ಇಷ್ಟು ವರ್ಷ ಚಾತಕಪಕ್ಷಿಯಂತೆ ಕಾದಿದ್ದೆ. ಹೊಗಳಿಕೆ ಬಂತು, ನನ್ನನ್ನು ಗಲ್ಲಿಗೇರಿಸಲು. ಯಂತ್ರ ಒಳ್ಳೆಯದು, ಜನ ಒಳ್ಳೆಯವರು ಎಂದರೆ ಉಳಿದವನು ಯಾರು? ಮೈಸೂರಿನ ಹತ್ತಿರದವನು. ಎಲ್ಲರ ಕಣ್ಣುಗಳೂ ನಿಧಾನವಾಗಿ ನನ್ನ ಕಡೆ ತಿರುಗಿದವು. ಯಾರೋ ಹಿಂದಿನಿಂದ, ‘ತಣ್ಣಿ ವಿಡಮಾಟಾಂಗ ಸಾರ್ ಅವಂಗ’ ಎಂದು ಗೊಣಗಿದರು. ಅವರು ನೀರು ಬಿಡುವ ಪೈಕಿಯಲ್ಲ ಎಂದು ಅದರ ಅರ್ಥ. ವನಜ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಗ ಮಾಮಿ ಎದ್ದರು. ಮಂಡಿ ಹಿಡಿದುಕೊಂಡು, ನಿಧಾನವಾಗಿ. ‘ನಾನ್ ದಾನ್ ಫೋನ್ ಮಾಡ್ದೆ’ ಎಂದರು. ತಮಿಳಿನವರಿಗೂ ಕನ್ನಡದವರಿಗೂ ಒಟ್ಟಿಗೆ ಅರ್ಥವಾಯಿತು. ‘ಕೊಳಂದೆಗೆ ಸ್ನಾನ ಮಾಡಿಸ್ಬೇಕು, ನೀರಿಲ್ಲ. ಇವರು ಪೂಜೆ ದಿನ ತೋರಿಸಿದ್ದರಲ್ಲ, ಹಾಗೇ ಎರಡು ರಿಂಗ್ ಕೊಟ್ಟೆ, ನೀರು ಬಂತು. ಸೊಲ್ಪ ಹೊತ್ತಿಗೆ ಯಾರೋ ತಿರುಗಿಸಿಬಿಟ್ಟರು. ನಾನು ಇವರೇ ತಿರುಗಿಸಿದರು ಅಂತ ಕೋಪ ಮಾಡಿಕೊಂಡೆ. ಈಗ ಯೋಚನೆ ಮಾಡ್ತಾ ಇದೀನಿ. ನನಗೆ ಮಾಡೋಕೆ ಬಂದದ್ದು ಮಿಕ್ಕವರಿಗೆ ಬರಲ್ವಾ? ಈ ಪಿಳ್ಳೆಯನ್ನ ಯಾಕೆ ಬೈಬೇಕು?’ ಎಂದವರೇ ತಿರುಗಿ, ‘ಏನ್ ರಂಗರಾಜಾ, ಬಾಯಿ ಬಿಡು. ನಿನ್ನ ರಾಂಗ್ ನಂಬರ್ ನಮ್ಮ ಅಡುಗೆಮನೆಗೆ ಕೇಳಿಸ್ತು’ ಎಂದರು.

ರಂಗರಾಜನ್ ಸಾರ್ ಜನ್ಮದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದರು. ಸೊಸೆಯ ಕಡೆಯವರು ಬಂದಿದ್ದರಂತೆ, ಒಂದೇ ಒಂದು ಸಲವಂತೆ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬರಿಗೆ ಬಟ್ಟೆ ನೆನೆಸಿದ್ದು, ಒಬ್ಬರಿಗೆ ಕ್ರೋಟನ್ ಗಿಡ ಒಣಗುತ್ತಿದ್ದದ್ದು, ಒಬ್ಬರಿಗೆ ‘ನಿಜವಾಗಲೂ ಆಗುತ್ತಾ ನೋಡೋಣ ಅಂತ’. ಏಳು ಮನೆಯವರದೂ ಆಯಿತು. ಎಂಟನೆಯ ಮನೆ ನಮ್ಮದು. ನಾನು ಎದೆಯುಬ್ಬಿಸಿ ವನಜಳ ಕಡೆ ನೋಡಿದೆ. ಅವಳು ತಾರಸಿಯ ನೆಲವನ್ನು ಹೆಬ್ಬೆರಳಿನಲ್ಲಿ ಕೆರೆಯುತ್ತಾ, ‘ದೋಸೆಹಿಟ್ಟು ರುಬ್ಬೋ ದಿನ ಮಾತ್ರ’ ಎಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮಾಮಿ ಹೋಗಿ ಅವಳ ಪಕ್ಕ ಕೂತು, ‘ಕಳ್ಳೀ, ನೀನೂನಾ?’ ಎಂದು ಅವಳ ತೊಡೆಯ ಮೇಲೆ ಹೊಡೆದರು. ಮರುದಿನ ಹನ್ನೊಂದಕ್ಕೆ ಡಿಕಾಕ್ಷನ್ ಮೇಲೆ ಬಂತು. ನಾನು ಪೆರುಂಗುಡಿಯಲ್ಲಿದ್ದರೂ ಅದರ ಪರಿಮಳ ನನಗೆ ಬಂತು ಎಂದರೆ ನೀವು ನಂಬಬೇಕು.

ಓಟೆಗೆ ಏನು ಮಾಡುವುದು ಎಂಬುದಕ್ಕೂ ಮಾಮಿಯೇ ದಾರಿ ಹೇಳಿದರು. ಬೀಗ ಹಾಕಲು ಬಾರದಿದ್ದರೆ ಹೋಗಲಿ, ಫೋನು ರಿಂಗಾದರೆ ಇಡೀ ಕಟ್ಟಡಕ್ಕೆ ಕೇಳುವಂಥ ಗಂಟೆಯೊಂದನ್ನು ಮೆಟ್ಟಿಲ ಹತ್ತಿರ ಹಾಕಿ ಎಂದರು. ಹಾಕಿದೆ. ಸ್ಕೂಲು ಬಿಡುವಾಗ ಹೊಡೆಯುವ ಕರೆಂಟಿನ ಗಂಟೆಯಂಥದು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿತೋ, ಎಲ್ಲ ಬಾಗಿಲಿನಿಂದಲೂ ತಲೆಗಳು ಹೊರಗೆ ಬರುತ್ತಿದ್ದವು. ಹೊರಗೆ ಬಾರದ ತಲೆ ಯಾರದೋ ಅವರೇ ಫೋನು ಹಿಡಿದವರು. ಎರಡೇ ದಿನದಲ್ಲಿ ಕಳ್ಳರಿಂಗು ನಿಂತುಹೋಯಿತು. ಈ ಸಂತೋಷದಲ್ಲಿ ಸೆಲ್ವರಾಜ್ ಅವರಿಗೆ ನಾನೇ ಫೋನ್ ಮಾಡಿ, ‘ಸಾರ್, ನಿಮ್ಮ ಓಟೆಗೆ ಪರಿಹಾರ ಸಿಕ್ಕಿತು. ಒಂದು ದೊಡ್ಡ ಗಂಟೆ ಹಾಕಿ, ಯಾರ ತಲೆ ಹೊರಗೆ ಬರಲ್ಲ ನೋಡಿ’ ಎಂದೆ. ಅವರು ‘ಸಾರ್, ನಿಮ್ಮ ಆಫೀಸಿನಲ್ಲಿ ಬೇರೆ ಯಾರಾದರೂ ಇದ್ದಾರಾ?’ ಎಂದು ಕೇಳಿದರು.

ನನ್ನ ಕೀರ್ತಿ ಈಗ ಏರುಮುಖವಾಗಿತ್ತು. ಎಂಟು ಮನೆಯಲ್ಲಿ ಒಮ್ಮೆಯೂ ಕದಿಯದವನು ನಾನೊಬ್ಬನೇ ಎಂದು ರಂಗರಾಜನ್ ಸಾರ್ ಬಂದವರಿಗೆಲ್ಲ ಹೇಳುತ್ತಿದ್ದರು. ‘ಮಂಡ್ಯದವರು ಸಾರ್ ಇವರು, ಆದರೂ ನ್ಯಾಯಸ್ಥರು’ ಎನ್ನುತ್ತಿದ್ದರು. ಮಂಡ್ಯ ಎಂದು ಅವರಿಗೆ ಹೇಳಿದವಳು ವನಜಳೇ ಇರಬೇಕು. ಹೀಗಿರುವಾಗ ನವರಾತ್ರಿ ಬಂತು. ಭಾನುವಾರ ಸಂಜೆ ಮಾಮಿಯ ಮನೆಯಲ್ಲಿ ಬೊಂಬೆ ಆರತಿ, ಕಟ್ಟಡದವರೆಲ್ಲ ಬರಬೇಕೆಂದು ಅಪ್ಪಣೆ. ಆರತಿಗೆ ನೀರು ಬೇಕೆಂದು ಅಂದು ಸಂಜೆಯ ಸರದಿಯನ್ನೂ ಮುಂದಿನವರಿಗೇ ಬಿಟ್ಟುಕೊಟ್ಟಿದ್ದೆವು, ಹಿಂದಿನ ಟ್ಯಾಂಕು ಮಧ್ಯಾಹ್ನವೇ ಬರಿದು. ಬೆಳಗಿನಿಂದ ಸೋಮಾರಿತನ ಮಾಡಿ ಪೇಪರು ಓದುತ್ತಾ ಕೂತಿದ್ದ ನನಗೆ ಸ್ನಾನವೇ ಆಗಿರಲಿಲ್ಲ. ವನಜ ರೇಷ್ಮೆ ಸೀರೆ ಉಟ್ಟು ಹೊರಡುತ್ತಾ, ‘ಮೀಯದೆ ಬೊಂಬೆ ಮುಂದೆ ಬಂದ್ರೆ ನೋಡಿ ಮತ್ತೆ! ಹೋಗಿ, ಎರಡು ಮೊಳ ಮಲ್ಲಿಗೆನಾದ್ರೂ ತಂದು ಬಾಗಿಲಲ್ಲಿ ಕೊಟ್ಟು ಹೋಗಿ’ ಎಂದು ಕೆಳಗಿಳಿದಳು.

ಮಲ್ಲಿಗೆ ತೆಗೆದುಕೊಂಡೆ. ಹೂವಿನವಳ ಪಕ್ಕದಲ್ಲೇ ಹಳದಿ ಬೋರ್ಡಿನ ಪಿಸಿಓ. ಮಾಮಿಯ ಮನೆಯ ಸುಂಡಲ್, ಅಂದರೆ ನಮ್ಮ ಕಡಲೆ ಉಸಲಿ, ನೆನಪಾಗಿ ಬಾಯಲ್ಲಿ ನೀರು ಬಂತು, ನಲ್ಲಿಯಲ್ಲಿ ಬರಲಿಲ್ಲ. ಗಂಟೆ ಬಾರಿಸಿದರೂ ಎಲ್ಲರೂ ಹಾಡಿನ ಗಲಾಟೆಯಲ್ಲಿರುತ್ತಾರೆ, ಬಾಗಿಲಿಗೆ ಬಂದು ತಲೆ ನೋಡುವವರು ಯಾರು? ಅಲ್ಲದೆ ಇದು ರಸ್ತೆಯ ಪಿಸಿಓ, ನಾನೆಂದು ಯಾವ ಬ್ರಹ್ಮನಿಗೂ ತಿಳಿಯುವುದಿಲ್ಲ. ಒಂದೇ ಒಂದು ಸಲ. ಒಂದು ಬಕೆಟ್ಟು. ಒಳಗೆ ಹೋಗಿ ನಂಬರು ತಿರುಗಿಸಿ, ನಾಲ್ಕು ರಿಂಗು ಎಣಿಸಿ, ಇಟ್ಟೆ. ‘ಲೈನ್ ಸಿಗಲಿಲ್ವಾ ಸಾರ್?’ ಎಂದು ಪಿಸಿಓದವನು ಕೇಳಿದ. ‘ಮನೇಲಿ ಯಾರೂ ಇಲ್ಲಪ್ಪ’ ಎಂದು ಶಿಳ್ಳೆ ಹಾಕುತ್ತಾ ಹೊರಟೆ.

ಮಾಮಿಯ ಮನೆಯ ಬಾಗಿಲಲ್ಲಿ ಹೂವು ಹಿಡಿದು ನಿಂತಾಗ ಒಳಗೆ ಹಾಡಿರಲಿಲ್ಲ, ಮಾತಿರಲಿಲ್ಲ. ನನ್ನೊಬ್ಬನನ್ನು ಬಿಟ್ಟು ಎಂಟೂ ಮನೆಯ ಗಂಡಸರು, ಹೆಂಗಸರು, ಮಕ್ಕಳು, ಎಣ್ಣೆ ಹಚ್ಚಿಸಿಕೊಳ್ಳುವ ಆ ಕೂಸು, ಎಲ್ಲರೂ ಬೊಂಬೆಗಳಿಗೆ ಬೆನ್ನು ಮಾಡಿ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಗಂಟೆ ಮಾಮಿಯ ಬಾಗಿಲ ಪಕ್ಕದಲ್ಲೇ ಇದ್ದದ್ದು. ಅವರಿಗೆ ತಲೆಗಳನ್ನು ಹುಡುಕುವ ತೊಂದರೆಯೇ ಆಗಿರಲಿಲ್ಲ, ಎಲ್ಲವೂ ಒಂದೇ ಜಮಖಾನದ ಮೇಲೆ ಇದ್ದವು. ಮೇಲೆ ತಾರಸಿಯಲ್ಲಿ ಹಿಂದಿನ ಟ್ಯಾಂಕಿಗೆ ನೀರು ಧೋ ಎಂದು ಬೀಳುತ್ತಿತ್ತು. ವನಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳ ಭುಜ ಕುಲುಕುವುದು ನೋಡಿದರೆ ಅಳುವಲ್ಲವೆಂದು ಗೊತ್ತಾಗುತ್ತಿತ್ತು.

ರಂಗರಾಜನ್ ಸಾರ್ ಎದ್ದು ಬಂದು ನನ್ನ ಕೈ ಹಿಡಿದು ಕುಲುಕಿದರು. ‘ಬಿಟ್ಟಿರಿ ಸಾರ್! ಕೊನೆಗೂ ಮಂಡ್ಯದವರು ನೀರು ಬಿಟ್ಟಿರಿ!’ ಎಂದು ಪೆರಂಬೂರಿಗೆ ಕೇಳುವಂತೆ ಕೂಗಿ, ಮೇಲಕ್ಕೆ ಬೆರಳು ತೋರಿಸಿ, ‘ನಿಮ್ಮ ಕಡೆಗೇ ಬಿಟ್ಟಿರಿ’ ಎಂದರು. ಕೋಣೆ ಬಿದ್ದುಹೋಗುವಂತೆ ನಗು. ಮಾಮಿ ನನ್ನ ಕೈಯಿಂದ ಮಲ್ಲಿಗೆ ಈಸಿಕೊಂಡು, ‘ಸುಂಡಲ್ ಎಲ್ಲಿಗೂ ಹೋಗಲ್ಲಪ್ಪಾ. ಮೊದಲು ಮೇಲೆ ಹೋಗಿ ಸ್ನಾನ ಮಾಡ್ಕೊಂಡು ಬಾ. ಯಾರಾದರೂ ತಿರುಗಿಸಿಬಿಟ್ಟಾರು’ ಎಂದರು. ನಾನು ಹೇಳಿದ ಮಾತು ಕೇಳಿ ಮೆಟ್ಟಿಲು ಹತ್ತಿದೆ. ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದಾಗ ಕೆಳಗೆ ಗಂಟೆ ಎರಡು ಸಲ ಬಾರಿಸಿತು, ಅದರ ಹಿಂದೆಯೇ ಎಂಟು ಮನೆಯವರ ನಗು ಕೇಳಿಸಿತು.